ಎದುರುಮನೆ ಅಕ್ಕನ ಕುರ್ಚಿ

ಹೊಸ ಫ್ಲೆಕ್ಸಿಗೆ ತನ್ನದೇ ಒಂದು ವಾಸನೆಯಿದೆ. ಹೊಸ ರಬ್ಬರ್ ಚಪ್ಪಲಿ, ಸೀಮೆಎಣ್ಣೆ, ಇಸ್ತ್ರಿಪೆಟ್ಟಿಗೆಗೆ ಸಿಕ್ಕಿ ಕರಗಿದ ಪಾಲಿಯೆಸ್ಟರ್ ಸೀರೆ, ಮೂರನ್ನೂ ಒಂದೇ ಚೀಲದಲ್ಲಿ ಕಟ್ಟಿಟ್ಟು ಬಿಚ್ಚಿದ ಹಾಗೆ. ಹೋದ ವಾರ ಕಾರಿಮಂಗಲಂ ಬಸ್ ಸ್ಟ್ಯಾಂಡಿನ ಹೊರಗೆ ಬಾಳೆಹಣ್ಣು ಆರಿಸುತ್ತಾ ನಿಂತಿದ್ದೆ. ಆ ವಾಸನೆ ಬಂತು. ತಲೆಯೆತ್ತಿದೆ. ಇಬ್ಬರು ಏಣಿ ಹತ್ತಿ ಎರಡು ಕಂಬಗಳ ನಡುವೆ ಬ್ಯಾನರ್ ಬಿಗಿಯುತ್ತಿದ್ದರು. ಮಿಲಿಟರಿ ಟೋಪಿಯ ಎಳೆಯ ಮುಖ. ಸುತ್ತ ಬಾವುಟ, ಹುಲಿ, ಉರಿಯುವ ದೀಪ. ಮೇಲೆ ತಮಿಳಿನ ದಪ್ಪಕ್ಷರದಲ್ಲಿ ‘ವೀರವಣಕ್ಕಂ’. ಕೆಳಗೆ ಬ್ಯಾನರ್ ಹಾಕಿಸಿದವರ ಮುಖಗಳ ಸಾಲು. ಅವರಲ್ಲಿ ಅರ್ಧಕ್ಕರ್ಧ ಜನ ಕೂಲಿಂಗ್ ಗ್ಲಾಸ್ ಹಾಕಿಕೊಂಡೇ ಕಣ್ಣೀರಿಡುತ್ತಿದ್ದರು.

ಮೊದಲು ನನಗೆ ಬಂದ ಯೋಚನೆ ಹಗ್ಗದ್ದು. ಗಾಳಿ ಬೀಸಿ ಅದು ಯಾರದಾದರೂ ಬೈಕಿನ ಮೇಲೆ ಬಿದ್ದರೆ? ಎರಡನೆಯದು, ಈ ಹುಡುಗನಿಗೆ ಮದುವೆಯಾಗಿತ್ತಾ? ಹಣ್ಣಿನವಳನ್ನೇ ಕೇಳಿದೆ.

“ಆಗಿತ್ತಂತೆ ಕಣಕ್ಕಾ. ಪಾವಂ, ಇನ್ನೂ ಸಣ್ಣುಡುಗಿ,” ಅಂದಳು.

ಪಾಪ ಎಂದು ನಾನೂ ಲೊಚಗುಟ್ಟಿದೆ. ಆದರೆ ಅದರ ಹಿಂದೆಯೇ, ಕೇಳದೆ ಬರುವ ನೆಂಟನಂತೆ ಇನ್ನೊಂದು ಯೋಚನೆ ಬಂತು: ಇನ್ನು ಅವಳಿಗೆ ಕುರ್ಚಿ. ಅಷ್ಟು ಸಾಕಾಯಿತು, ಹೊಟ್ಟೆಯ ಯಾವುದೋ ಮೂಲೆಯಲ್ಲಿ ಬೂದಿ ಮುಚ್ಚಿದ್ದ ಕೆಂಡ ಮಿನುಗಿತು. ಐವತ್ತರ ಹತ್ತಿರ ಬಂದಿದ್ದೇನೆ. ಸಕ್ಕರೆ ಕಾಯಿಲೆ ಇದೆ, ಮಂಡಿ ನೋವಿದೆ, ಕಾಲೇಜಿಗೆ ಹೋಗುವ ಮಗಳಿದ್ದಾಳೆ. ಇಷ್ಟೆಲ್ಲ ಇದ್ದೂ, ನಿನ್ನೆ ಮೊನ್ನೆ ಗಂಡನನ್ನು ಕಳೆದುಕೊಂಡ ಕಂಡರಿಯದ ಹುಡುಗಿಯ ಮೇಲೆ ಹೊಟ್ಟೆಕಿಚ್ಚು! ನನ್ನಂಥವಳನ್ನು ಮ್ಯೂಸಿಯಮ್ಮಿನಲ್ಲಿ ಇಡಬೇಕು.

ಆದರೆ ಈ ಕೆಂಡ ಆ ಹುಡುಗಿಯದಲ್ಲ. ಇದು ಹಳೆಯದು. ಎದುರುಮನೆ ಅಕ್ಕನದು...

ನಾನು ಹೊಸೂರಿನ ಕಡೆಯಿಂದ ಇಲ್ಲಿಗೆ ಸೊಸೆಯಾಗಿ ಬಂದವಳು. ತಮಿಳರ ಊರಾದ ಕಾರಿಮಂಗಲದ ಅಂಚಿನಲ್ಲಿ, ಮನೆಯಲ್ಲಿ ಕನ್ನಡ ಆಡುವ ನಮ್ಮವರದೇ ಒಂದು ಬೀದಿ. ಕುರಿ ಇದ್ದವರು ಕೆಲವರು, ಲಾರಿ ಹತ್ತಿದವರು ಕೆಲವರು. ನನ್ನ ಗಂಡ ಲಾರಿ ಡ್ರೈವರ್. ಎದುರುಮನೆ ಅಕ್ಕನ ಗಂಡ ಮಿಲಿಟರಿಯವನು. ಎರಡು ಮನೆಗಳ ನಡುವೆ ಒಂದು ಎತ್ತಿನಗಾಡಿ ಹೋಗುವಷ್ಟು ಜಾಗ. ಅಷ್ಟು ಹತ್ತಿರದಿಂದ ನೋಡಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳುತ್ತೇನೆ.

ನನ್ನವನು ವಾರಕ್ಕೊಮ್ಮೆ ಬರುತ್ತಿದ್ದ, ಡೀಸೆಲ್ ವಾಸನೆಯ ಲುಂಗಿ ಬಿಸಾಕಿ ಮಲಗುತ್ತಿದ್ದ, ಎದ್ದು ಹೋಗುತ್ತಿದ್ದ. ಅಕ್ಕನವನು ವರ್ಷಕ್ಕೊಮ್ಮೆ ಹಸಿರು ಟ್ರಂಕು ಹೊತ್ತು ಇಳಿಯುತ್ತಿದ್ದ. ಬೀದಿಗೆಲ್ಲ ಅಕ್ರೋಟು ಹಂಚುತ್ತಿದ್ದ. ರಜೆ ಮುಗಿಯುವವರೆಗೆ ನೀರಿನ ಕೊಡ ಹೆಂಡತಿಯ ಸೊಂಟಕ್ಕೆ ಏರಲು ಬಿಡುತ್ತಿರಲಿಲ್ಲ. ಅಕ್ಕ ಜಗುಲಿಯ ಮೇಲೆ ಕೂತು ಕಾಲು ಆಡಿಸುತ್ತಿದ್ದಳು. ಅದೊಂದು ದೃಶ್ಯ ಸಾಕು, ನನ್ನ ಕೊಡ ಎರಡು ಪಾಲು ಭಾರವಾಗುತ್ತಿತ್ತು.

ಕೊನೆಯ ಸಲ ರಜೆಗೆ ಬಂದಾಗ ಅವನು ಒಂದು ವಿಚಿತ್ರ ಚಿಂತೆ ತಂದಿದ್ದ. ಗಡಿಯಲ್ಲಿ ಅವನಿದ್ದ ಗುಡ್ಡದ ಎದುರು ಗುಡ್ಡ ಶತ್ರುಗಳ ಕಡೆಯದಂತೆ. ಅಲ್ಲಿ ಒಬ್ಬ ಸಿಪಾಯಿ ಒಂದು ಕುರಿ ಸಾಕಿದ್ದನಂತೆ. ದುರ್ಬೀನಿನಲ್ಲಿ ದಿನವೂ ಕಾಣುತ್ತಿತ್ತು. ಕುರಿ ಮುಂಗಾಲು ಎತ್ತೆತ್ತಿ ಕುಂಟುತ್ತಿತ್ತು. ಕುರಿ ಮನೆಯಲ್ಲಿ ಹುಟ್ಟಿದವನಿಗೆ ಕೂತಲ್ಲಿ ಕೂರಲಾಗದು. “ಗೊರಸು ಕೊಳೀತೈತೆ ಅದುಕ್ಕೆ. ಕೆತ್ತಿ ಸುಣ್ಣ ಅಚ್ಬೇಕು. ಆ ಬಡ್ಡೀಮಗನ್ಗೆ ಗೊತ್ತಿಲ್ಲ. ಯಾರ್ ಏಳೋದು?” ಎಂದು ಊಟದ ಎಲೆಯ ಮುಂದೆಯೂ ಅದೇ ಮಾತು. ನಾವೆಲ್ಲ ನಕ್ಕೆವು. ಅಕ್ಕ ಮಾತ್ರ, “ಕೂಗಿ ಏಳ್ಬಿಡು, ಅದುಕ್ಕೂ ಆರ್ಡರ್ ಬೇಕಾ?” ಅಂದಿದ್ದಳು. ಬೇಕು ಅಂದ ಅವನು.

ಆ ಆಷಾಢದಲ್ಲಿ ನಾವಿಬ್ಬರೂ ವಿಧವೆಯರಾದೆವು. ಮೊದಲು ನಾನು. ಇದೊಂದರಲ್ಲಿ ನಾನೇ ಮುಂದು.

ನನ್ನವನ ಲಾರಿ ತೊಪ್ಪೂರು ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಹೋಯಿತು. ಈರುಳ್ಳಿ ಲೋಡು. ಅಲ್ಲಿ ಬೀಳದ ಲಾರಿಯಿಲ್ಲ, ಹಾಗಾಗಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಜನ ಓಡಿಬಂದರಂತೆ. ಮೊದಲು ಇವನನ್ನು ಎಳೆದು ಹೊರಗೆ ಹಾಕಿದರಂತೆ, ಆಮೇಲೆ ಈರುಳ್ಳಿ ಆರಿಸಿಕೊಂಡರಂತೆ. ಮೊದಲು ಇವನನ್ನು ಎಳೆದರಲ್ಲ, ಅದಕ್ಕೆ ಇವತ್ತಿಗೂ ಕೈಮುಗಿಯುತ್ತೇನೆ. ಆದರೂ ಬಹಳ ದಿನ ಯಾರ ಮನೆಯಲ್ಲಿ ಈರುಳ್ಳಿ ಒಗ್ಗರಣೆ ಘಮ್ಮೆಂದರೂ ‘ಇದು ಅದೇ ಇರಬಹುದಾ’ ಎನ್ನಿಸುತ್ತಿತ್ತು.

ನಾನು ಅತ್ತೆ. ನಮ್ಮ ಹೆಂಗಸರು ಸತ್ತವನ ಮೇಲೆ ಬಿದ್ದು ಹೇಗೆ ಅಳುತ್ತಾರೋ ಹಾಗೆ, ಅವನನ್ನು ಬೈದು ಬೈದು ಅತ್ತೆ. ನಿದ್ದೆಗೆಟ್ಟು ಓಡಿಸಬೇಡ ಅಂದ್ರೆ ಕೇಳಿದ್ಯಾ ಪಾಪಿ, ನನ್ನ ಯಾರ ಬಾಗಿಲಲ್ಲಿ ಬಿಟ್ಟೋದೆ ಕಳ್ಳ... ನನ್ನ ಕತ್ತು ತಬ್ಬಿ ಜೊತೆಗೆ ಅತ್ತವರಲ್ಲಿ ಅಕ್ಕ ಮೊದಲಿನವಳು. ಮೂರು ದಿನ ನನಗೆ ಗಂಜಿ ಕುಡಿಸಿದವಳೂ ಅವಳೇ.

ನನ್ನವನ ತಿಥಿ ಕಳೆದ ಸ್ವಲ್ಪ ದಿನಕ್ಕೆ ಎದುರುಮನೆಗೆ ಫೋನು ಬಂತು.

ಹೊಸದಾಗಿ ಗಂಡ ಸತ್ತವಳು ಹೊರಗೆ ಮುಖ ತೋರಿಸಬಾರದು ಎಂದು ನಾನು ಕಿಟಕಿಯ ಸಂದಿಯಿಂದ ನೋಡಿದೆ. ಅಷ್ಟು ಜನರನ್ನು ನಮ್ಮ ಬೀದಿ ಕಂಡಿರಲಿಲ್ಲ. ಕಲೆಕ್ಟರ್ ಬಂದರು. ಶಾಲೆಯ ಮಕ್ಕಳು ಸಾಲಾಗಿ ನಿಂತರು. ಮಿಲಿಟರಿ ವ್ಯಾನಿನ ದಾರಿಯುದ್ದಕ್ಕೂ ಚೆಂಡುಮಲ್ಲಿಗೆ ಎರಚಿದರು. ಅಕ್ಕನವನ ಮೇಲೆ ಹೂ ಚೆಲ್ಲಿದರು, ನನ್ನವನ ಲಾರಿಯಿಂದ ಈರುಳ್ಳಿ ಆರಿಸಿದರು... ಬೇಡ ಬೇಡ ಎಂದರೂ ಮನಸ್ಸು ತಕ್ಕಡಿ ಹಿಡಿದೇ ನಿಂತಿತ್ತು.

ಆಗಲೇ ಬಿಳಿ ಅಂಗಿಯ ದೊಡ್ಡ ಮನುಷ್ಯರೊಬ್ಬರು, ಹಿಂದೆ ಇಬ್ಬರು, ಆಳೆತ್ತರದ ಗುಲಾಬಿ ಹಾರ ಹೊತ್ತು ನೇರ ನಮ್ಮ ಮನೆಯೊಳಗೇ ಬಂದುಬಿಟ್ಟರು. ನಮ್ಮ ಬಾಗಿಲಲ್ಲೂ ಸಾವಿನ ಚಪ್ಪರ ಇನ್ನೂ ಬಿಚ್ಚಿರಲಿಲ್ಲ, ಅದಕ್ಕೆ. ಗೋಡೆಯ ಮೇಲೆ ನನ್ನವನ ಫೋಟೋಗೆ ಒಣಗಿದ ಕನಕಾಂಬರ ನೇತಾಡುತ್ತಿತ್ತು. ಅವರು ಹಾರ ಎತ್ತಿದರು. ನಾನು ಉಸಿರು ಬಿಗಿಹಿಡಿದೆ. ನಮ್ಮತ್ತೆ, ಸತ್ಯಹರಿಶ್ಚಂದ್ರನ ಸ್ವಂತ ತಂಗಿ, “ಮಿಲಿಟ್ರಿ ಮನೆ ಎದುರ್ಗಡೆ ಸಾಮಿ,” ಎಂದರು. “ಅಯ್ಯಯ್ಯೋ, ಮನ್ನಿಚ್ಚುಕ್ಕಂಗಮ್ಮಾ,” ಎಂದು ಅವರು ಕ್ಷಮೆ ಕೇಳಿ ತಿರುಗಿದರು. ಹೊಸಿಲು ದಾಟಿ ಒಳಗೆ ಬಂದಿದ್ದ ಹಾರ ಹೊಸಿಲು ದಾಟಿ ಹೊರಗೆ ಹೋಯಿತು. ಒಂದು ಗುಲಾಬಿ ಎಸಳು ಬಿದ್ದಿತ್ತು. ಎತ್ತಿಕೊಂಡು ಫೋಟೋದ ಸಂದಿಗೆ ಸಿಕ್ಕಿಸಿದೆ.

ಹೊರಗೆ ಹುಡುಗರ ಗುಂಪು ಘೋಷಣೆ ಕೂಗುತ್ತಿತ್ತು. ನಮ್ಮ ಒಂದು ತಲೆಗೆ ಅವರ ಹತ್ತು ತಲೆ ಬೇಕು ಎಂದು. ಮೈಕು, ಕ್ಯಾಮೆರಾ, ಬೂಟು. ಎಲ್ಲದರ ನಡುವೆ ಅಕ್ಕನನ್ನು ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದ್ದರು. ಕುರ್ಚಿಯ ಬೆನ್ನಿಗೆ ಬಿಳಿ ಟವೆಲು. ಅವಳು ಅಳಲಿಲ್ಲ. ಬಾಯಿ ತೆರೆದಳು, ಯಾರೋ ಮೈಕು ಹಿಡಿದರು, ಮುಚ್ಚಿಕೊಂಡಳು. ಗಾಳಿಗೆ ಗುಂಡು ಹಾರಿಸಿದಾಗ ಹಿತ್ತಲ ಕೊಟ್ಟಿಗೆಯ ಕುರಿಗಳು ತಡಿಕೆ ಮುರಿದುಕೊಂಡು ಜನರ ಕಾಲ ಸಂದಿಯಲ್ಲಿ ನುಗ್ಗಿ ಓಡಿದವು. ಕಲೆಕ್ಟರರ ಪಕ್ಕದಿಂದಲೇ ಒಂದು ಟಗರು ಹೋಯಿತು. ಅಕ್ಕ ಅದನ್ನೇ ನೋಡುತ್ತಿದ್ದಳು.

ಆ ಕೆಂಪು ಕುರ್ಚಿ ಆಮೇಲೆ ಅವಳನ್ನು ಬಿಡಲಿಲ್ಲ. ಆಗಸ್ಟ್ ಹದಿನೈದಕ್ಕೆ ಶಾಲೆಯ ಸ್ಟೇಜಿನ ಮೇಲೆ, ಪೊಂಗಲ್ ಓಟದ ಬಹುಮಾನ ಕೊಡಲು, ಹೊಸ ಬ್ಯಾಂಕು ತೆರೆದರೆ ದೀಪ ಹಚ್ಚಲು. ದೀಪ ಹಚ್ಚಲು! ಗಂಡ ಸತ್ತವಳು ಎದುರು ಬಂದರೆ ಬಸ್ಸಿನಲ್ಲೂ ಸೀಟು ಬದಲಿಸುವ ಊರು ಅವಳ ಕೈಗೆ ಮೇಣದಬತ್ತಿ ಕೊಟ್ಟು “ಹಚ್ಚಿ ತಾಯಿ” ಎನ್ನುತ್ತಿತ್ತು. ಅದೇ ದಿನಗಳಲ್ಲಿ ನಾದಿನಿಯ ಸೀಮಂತಕ್ಕೆ ಬಳೆಯ ತಟ್ಟೆ ಹಿಡಿದು ಹೋದ ನನ್ನನ್ನು, “ನೀನು ಅಡ್ಗೆಮನೆ ನೋಡ್ಕೋ ತಾಯಿ” ಎಂದು ಬಹಳ ಪ್ರೀತಿಯಿಂದ ಒಳಗೆ ತಳ್ಳಿದರು. ಇಬ್ಬರ ಹಣೆಯೂ ಖಾಲಿ. ಅವಳದು ವೀರಮಂಗೈಯ, ವೀರನಾರಿಯ ಹಣೆ, ನನ್ನದು ಮುಂಡೆಯ ಹಣೆ. ನನ್ನವನೂ ಕೆಲಸದ ಮೇಲೇ ಸತ್ತವನಲ್ಲವಾ? ಅವನು ಹೊತ್ತು ತಂದ ಈರುಳ್ಳಿ ತಿನ್ನದ ದೇಶಭಕ್ತ ಈ ಜಿಲ್ಲೆಯಲ್ಲಿದ್ದಾನಾ? ಇದನ್ನು ಕೇಳಲು ಸ್ಟೇಜು ಬೇಕು. ಸ್ಟೇಜಿನ ಮೇಲೆ ಅಕ್ಕ ಕೂತಿದ್ದಳು.

ವಿಚಿತ್ರವೆಂದರೆ ಅಕ್ಕ ಬಿಡುವಾದಾಗಲೆಲ್ಲ ನಮ್ಮ ಹಿತ್ತಲಿಗೆ ಬರುತ್ತಿದ್ದಳು. ಒಗೆಯುವ ಕಲ್ಲಿನ ಮೇಲೆ ಕೂತು, ನಮ್ಮತ್ತೆ ಇಲ್ಲದ ಹೊತ್ತು ನೋಡಿ, ಗಂಡನನ್ನು ಬೈಯುತ್ತಿದ್ದಳು. ಬೈಗುಳ ಅಂದರೆ ಸಣ್ಣ ಬೈಗುಳವಲ್ಲ. “ಓಡೋಕ್ ಬರ್ತೈತೆ ಅಂತ ಮಿಲಿಟ್ರಿಗ್ ಓದೆ. ಗುಂಡ್ ಬಂದಾಗ ಓಡೋಕೇನಾಗಿತ್ತು ನಿನ್ ಕಾಲ್ಗೆ ರೋಗ? ಓಟ್ದಲ್ಲಿ ಮೆಡಲ್ ಬೇರೆ!” ಆಮೇಲೆ ಕಣ್ಣೊರೆಸಿಕೊಂಡು, “ನಮ್ಮನೇಲಿ ಬೈಯಂಗಿಲ್ಲ ಕಣಮ್ಮಿ. ಗೋಡೆ ಮ್ಯಾಲೆ ಬಾವುಟ ಐತೆ,” ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ನಾನು ಆ ಘೋಷಣೆಯ ಮಾತೆತ್ತಿದೆ. ಊರೆಲ್ಲ ನಿನ್ನ ಗಂಡನಿಗೋಸ್ಕರ ಹತ್ತು ತಲೆ ತರ್ತೀವಿ ಅಂತ ಎಷ್ಟು ಕೂಗಿತಲ್ಲಕ್ಕಾ ಎಂದೆ. ನನ್ನ ದನಿಯಲ್ಲಿ ಹುಳಿ ಇತ್ತು. ನನ್ನವನಿಗಾಗಿ ಯಾರೂ ಆ ಇಳಿಜಾರಿನ ಒಂದು ಕಲ್ಲನ್ನೂ ಕೇಳಿರಲಿಲ್ಲ.

“ತಂದ್ರೆ? ನಾನೇನ್ ತಲೆಕರಿ ಸಾರ್ ಮಾಡ್ಲಾ?” ಅಂದಳು ಅಕ್ಕ. ನನಗೆ ನಗು ಬಂತು. ಅವಳು ನಗಲಿಲ್ಲ. “ಅತ್ತು ತಲೆಗೆ ಅತ್ತು ಜನ ಎಂಡ್ರು ಇರ್ತಾರಲ್ಲ, ಅವ್ರುನ್ನೂ ಅವ್ರೂರಲ್ಲಿ ನನ್ನಂಗೇ ಕೂರುಸ್ಬೇಕಲ್ಲ. ಅಷ್ಟು ಕುರ್ಚಿ ಐತಾ?” ಆಮೇಲೆ ಕೇಳಿದಳು: “ಕುರಿ ಸಾಕ್ಕೊಂಡಿದ್ನಲ್ಲ, ಅವುನ್ದೂ ಸೇರಿ ಅತ್ತಾ? ಇಲ್ಲ ಅವುನ್ ಬಿಟ್ಟು ಅತ್ತಾ?”

ನಾನು ಕೈಯಲ್ಲಿದ್ದ ಬಟ್ಟೆ ಹಿಂಡಿದೆ.

ನಮ್ಮವರಲ್ಲಿ ಗಂಡ ಸತ್ತವಳಿಗೆ ಇನ್ನೊಂದು ಸಂಸಾರ ಕಟ್ಟಿಕೊಡುವ ಪದ್ಧತಿ ತಲೆತಲಾಂತರದಿಂದ ಇದೆ. ಸೀರುಡಿಕೆ ಎನ್ನುತ್ತಾರೆ. ಓಲಗವಿಲ್ಲ, ಚಪ್ಪರವಿಲ್ಲ, ಪತ್ರಿಕೆಯಿಲ್ಲ. ಹೊತ್ತು ಮುಳುಗುವಾಗ ನಾಲ್ಕು ಜನ ಹಿರಿಯರು ಎಲೆಯಡಿಕೆ ಇಟ್ಟುಕೊಂಡು ಜಗುಲಿಯ ಮೇಲೆ ಕೂರುತ್ತಾರೆ. ಗಂಡು ಒಂದು ಸೀರೆ ಕೊಡುತ್ತಾನೆ. ಒಳಗೆ ಅದನ್ನು ಉಡಿಸುವವಳು ಗಂಡ ಸತ್ತವಳೇ ಆಗಿರಬೇಕು, ಇಲ್ಲವೇ ಒಮ್ಮೆ ಸೀರುಡಿಕೆಯಾದವಳು. ಮುತ್ತೈದೆಯರು ಆ ಕಡೆ ತಲೆ ಹಾಕುವುದಿಲ್ಲ. ಉಟ್ಟು ಹೊರಗೆ ಬಂದರೆ ಆಯಿತು, ಅವಳು ಅವನ ಹೆಂಡತಿ. ಬೆಳಗಾಗುವುದರೊಳಗೆ ಊರಿಗೆಲ್ಲ ಗೊತ್ತಿರುತ್ತದೆ. ಗೊತ್ತಿಲ್ಲದವರ ಹಾಗೆ ಇರುವುದೇ ಊರಿನ ಮರ್ಯಾದೆ.

ಎರಡು ಮೂರು ವರ್ಷಕ್ಕೆ ನನಗೆ ಅಂಥದೊಂದು ಸೀರೆ ಬಂತು. ಸೇಲಂ ಹತ್ತಿರದ ಜವ್ವರಿಸಿ, ಅಂದರೆ ಸಬ್ಬಕ್ಕಿ ಮಿಲ್ಲಿನಲ್ಲಿ ಕೆಲಸ ಮಾಡುವವನು, ನಮ್ಮ ತಾಯಿ ಕಡೆಯವನು. ನನ್ನ ಚಿಂತೆಗಳ ಪಟ್ಟಿ ಕೇಳಬೇಡಿ. ಮರಗೆಣಸಿನ ಹಿಟ್ಟಿನ ಹುಳಿ ವಾಸನೆ ಅವನ ಮೈಯಿಂದ ಹೋಗುತ್ತದಾ ಎಂಬುದೂ ಅದರಲ್ಲಿತ್ತು. ಹೋಗಲಿಲ್ಲ, ನಾನೇ ಒಗ್ಗಿಕೊಂಡೆ. ಸೀರೆ ಉಡಿಸಲು ಯಾರು ಎಂದಾಗ ನಮ್ಮತ್ತೆ ಎದುರುಮನೆ ಕಡೆ ಕೈ ತೋರಿಸಿದರು. ಸ್ಟೇಜಿನವಳು ನಮ್ಮ ಅಡಿಗೆಮನೆಯ ಕತ್ತಲಿಗೆ ಬರುತ್ತಾಳಾ ಎಂದುಕೊಂಡೆ.

ಬಂದಳು. ಮಂಡಿಯೂರಿ ಕೂತು ನೆರಿಗೆ ಹಿಡಿದಳು. ಹಿಡಿದ ನೆರಿಗೆಯನ್ನು ಬಿಡಲೇ ಇಲ್ಲ.

“ಒಟ್ಟೆ ಉರೀತೈತೆ ಕಣಮ್ಮಿ,” ಅಂದಳು.

“ಏನ್ ತಿಂದ್ಯಕ್ಕಾ?”

“ತಿಂದಿದ್ದಲ್ಲ ಲೇ. ನಿನ್ ನೋಡಿ.”

ನನಗೆ ನಗು ತಡೆಯಲಾಗಲಿಲ್ಲ. ಇಷ್ಟು ವರ್ಷ ನಾನು ಅವಳ ಕುರ್ಚಿ ನೋಡಿ ಬೆಂದದ್ದೇನು, ಅವಳು ನನ್ನ ಮಿಲ್ಲಿನ ಸೀರೆ ನೋಡಿ ಬೇಯುವುದೇನು! ಹೇಳಿಬಿಟ್ಟೆ. ಹಾರ, ಹೂವು, ದೀಪ, ಟವೆಲು, ಎಲ್ಲ. ಅವಳು ಬಾಯಿ ಬಿಟ್ಟುಕೊಂಡು ಕೇಳಿದಳು. “ಆ ದರಿದ್ರದ ಕುರ್ಚಿಗಾ? ತಗಂಡೋಗ್. ಸೀರೆ ಇಲ್ ಕೊಡು,” ಎಂದು ಎಳೆದೇಬಿಟ್ಟಳು. ಹೊರಗಿನಿಂದ ಹಿರಿಯರು ಕೆಮ್ಮಿದರು. ಇಬ್ಬರೂ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆವು. ಬಿಚ್ಚಿಹೋದ ನೆರಿಗೆಯನ್ನು ಅವಳು ಮತ್ತೆ ಒಂದೊಂದಾಗಿ ಕೂಡಿಸಿದಳು.

ನಾನು ಸೇಲಂ ಕಡೆಗೆ ಹೋದೆ. ಬಂದುಹೋಗುವಾಗ ತೊಪ್ಪೂರು ಬಂದರೆ ಕಣ್ಣು ಮುಚ್ಚಿ ಕೂರುತ್ತಿದ್ದೆ. ಆ ಇಳಿಜಾರನ್ನು ನಾನು ಇವತ್ತಿಗೂ ಸರಿಯಾಗಿ ನೋಡಿಲ್ಲ.

ಆಮೇಲೆ ಅಕ್ಕನಿಗೂ ಗಂಡು ಬಂತು. ಅವಳ ಸೋದರಮಾವನ ಮಗ. ಕೊಳತ್ತೂರಿನ ಮೇಲೆ ಪಾಲಮಲೆಯಲ್ಲಿ ಇಳಿಜಾರಿನ ರಾಗಿ ಹೊಲ, ಒಂದಷ್ಟು ಕುರಿ. ಹೆಂಡತಿ ತೀರಿಕೊಂಡಿದ್ದಳು. ಮಾತು ಕಡಿಮೆ. ನಮ್ಮ ಹಿರಿಯರು ತಕ್ಷಣ ಒಪ್ಪಿದರು. ಅವರ ಲೆಕ್ಕದಲ್ಲಿ ಗಂಡ ಗುಂಡಿಗೆ ಸತ್ತರೂ ಜ್ವರಕ್ಕೆ ಸತ್ತರೂ ಸೀರೆಯ ಉದ್ದ ಒಂದೇ. ಅಕ್ಕ ಫೋನು ಮಾಡಿ, “ನೀನೇ ಬಂದು ಉಡುಸ್ಬೇಕು. ಒಟ್ಟೆ ಉರ್ಕೊಂಡೇ ಬಾ,” ಅಂದಳು. ಆ ದನಿ ಕೇಳಿ ನನಗೆ ನಿಜಕ್ಕೂ ಉರಿಯಿತು. ಮಲೆಯ ಗಾಳಿ, ಕುರಿ, ಮಾತು ಕಡಿಮೆ ಇರುವ ಗಂಡ... ನನ್ನವನು ಮಿಲ್ಲಿನ ಸೈರನ್ನಿನ ಹಾಗೆ ಮಾತಾಡುತ್ತಾನೆ.

ಗೊತ್ತುಮಾಡಿದ ದಿನ ಸೇಲಂ ಬಸ್ಸಿನಿಂದ ಇದೇ ಬಸ್ ಸ್ಟ್ಯಾಂಡಿನಲ್ಲಿ ಇಳಿದೆ. ಮೂಗಿಗೆ ಹೊಸ ಫ್ಲೆಕ್ಸಿನ ವಾಸನೆ ಬಡಿಯಿತು. ತಲೆಯೆತ್ತಿ ನೋಡಿದರೆ ಅಕ್ಕ.

ಗಂಡಿನ ಕಡೆಯವರು ಹಾಕಿಸಿದ್ದರು. ಅವರದು ತಪ್ಪು ಎನ್ನಲೂ ಮನಸ್ಸು ಬರುವುದಿಲ್ಲ, ಹೆಮ್ಮೆ ಅಷ್ಟೇ. ವೀರನ ಹೆಂಡತಿ ನಮ್ಮ ಮನೆಗೆ ಬರುತ್ತಾಳೆ, ಕತ್ತಲಲ್ಲಿ ಸೀರೆ ಕೊಟ್ಟು ಕರೆತರುವುದಾ? ಮಗುವಿನ ಕಿವಿ ಚುಚ್ಚಿದರೂ ಫ್ಲೆಕ್ಸ್ ಹಾಕಿಸುವ ಜಿಲ್ಲೆಯಲ್ಲಿ? ಹಾಗಾಗಿ ನಮ್ಮವರ ಚರಿತ್ರೆಯಲ್ಲೇ ಮೊದಲ ಸಲ ಸೀರುಡಿಕೆಗೆ ಫ್ಲೆಕ್ಸ್ ಬಂತು. ಅದರಲ್ಲೂ ಕ್ರಮ ತಪ್ಪಿರಲಿಲ್ಲ. ಮದುವೆ ಬ್ಯಾನರಿನಲ್ಲಿ ಮೇಲುಗಡೆ ತೀರಿಕೊಂಡ ಹಿರಿಯರನ್ನು ಹಾಕುತ್ತಾರಲ್ಲ, ಅವರ ಆಶೀರ್ವಾದ ಇರಲೆಂದು? ಹಾಗೆಯೇ ಮೇಲೆ, ದುಂಡಗಿನ ಚೌಕಟ್ಟಿನಲ್ಲಿ, ಯೂನಿಫಾರ್ಮಿನಲ್ಲಿ ಅಕ್ಕನ ಸತ್ತ ಗಂಡ. ‘ವೀರನ ಆಶೀರ್ವಾದದೊಂದಿಗೆ’ ಎಂದು ತಮಿಳಿನಲ್ಲಿ. ಕೆಳಗೆ ಅಕ್ಕ, ಯಾವುದೋ ಆಗಸ್ಟ್ ಹದಿನೈದರಂದು ಬಾವುಟಕ್ಕೆ ಕೈಯೆತ್ತಿ ವಂದಿಸುತ್ತಿರುವವಳು. ಪಕ್ಕದಲ್ಲಿ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಪಾಲಮಲೆಯವನು, ಕ್ಯಾಮೆರಾ ಕಚ್ಚುತ್ತದೆ ಎಂದು ಯಾರೋ ಹೇಳಿದಂತೆ. ಅಕ್ಕ ತನ್ನ ಹೊಸ ಗಂಡನಿಗೇ ಸಲ್ಯೂಟ್ ಹೊಡೆಯುತ್ತಿದ್ದ ಹಾಗಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಮೊದಲು ನಕ್ಕರು. ಆಮೇಲೆ ಫೋನುಗಳು ಹೊರಬಂದವು. ಆಮೇಲೆ ಬಿಳಿ ಅಂಗಿಗಳು ಬಂದವು. ಯಾರೂ ವಿಧವೆ ಮದುವೆಯಾಗಬಾರದು ಎನ್ನಲಿಲ್ಲ, ಎಲ್ಲರೂ ಓದಿದವರು. “ಮಾಡ್ಕೊಳ್ಳಲಿ, ನಮ್ಗೇನು? ಆದ್ರೆ ವೀರನ ಫೋಟೋ ಹಾಕಿ ಇದೇನಿದು ಅಸಿಂಗಂ?” ಎಂದು ಒಬ್ಬರು ಮುಖ ಸಿಂಡರಿಸಿದರು. “ನಾಳೆ ಸ್ಕೂಲ್ ಮಕ್ಳಿಗೆ ಏನಂತ ಏಳೋದು?” ಎಂದು ಇನ್ನೊಬ್ಬರು. ಏಣಿ ತಂದರು. ಬ್ಲೇಡು ತಂದರು. ಮೇಲಿನ ದುಂಡಗಿನ ಚೌಕಟ್ಟನ್ನು, ಒಳಗಿನವನಿಗೆ ಗೀರೂ ತಾಗದ ಹಾಗೆ ಕೊಯ್ದು ಸುರುಳಿ ಸುತ್ತಿ ಎದೆಗೊತ್ತಿಕೊಂಡು ಇಳಿದರು. ಉಳಿದದ್ದನ್ನು ಕಿತ್ತು ಚರಂಡಿಯ ಕಡೆಗೆ ಎಸೆದರು. ಕೈಯೆತ್ತಿದ ಅಕ್ಕ ನೀರಿನಲ್ಲಿ ಮುಖ ಮೇಲಾಗಿ ಬಿದ್ದಿದ್ದಳು.

ನಾನು ಅಕ್ಕನ ಮನೆಗೆ ಓಡಿದೆ. ಅಕ್ಕ ತಲೆಗೆ ಸ್ನಾನ ಮಾಡಿ ಕೂದಲು ಹರಡಿಕೊಂಡು ಒಳಗೆ ಕೂತಿದ್ದಳು. ಜಗುಲಿಯ ಮೇಲೆ ಹಿರಿಯರು, ಎಲೆಯಡಿಕೆ, ಪಾಲಮಲೆಯವನು, ಅವನ ತೊಡೆಯ ಮೇಲೆ ಸೀರೆಯ ಪೊಟ್ಟಣ. ನಾನು ಬಾಯಿ ತೆರೆಯುವ ಮೊದಲೇ ಬಿಳಿ ಅಂಗಿಗಳೂ ಬಂದವು. ಜಗಳಕ್ಕೆ ಸೊಂಟ ಕಟ್ಟಿದೆ. ಆದರೆ ಅವರು ಜಗಳಕ್ಕೆ ಬಂದಿರಲಿಲ್ಲ. ಅಕ್ಕ ಹೊಸಿಲಿಗೆ ಬಂದದ್ದೇ, ಅವಳಿಗಿಂತ ದೊಡ್ಡ ವಯಸ್ಸಿನ ಗಂಡಸರು ಒಬ್ಬರ ಹಿಂದೆ ಒಬ್ಬರು ಅವಳ ಕಾಲಿಗೆ ಬಿದ್ದರು.

“ನೀಂಗ ಎಂಗ ತಾಯಮ್ಮಾ,” ನೀವು ನಮ್ಮ ತಾಯಿ ಎಂದರು. “ಯಾರೋ ತಿಳೀದವ್ರು ನಿಮ್ಗೆ ಅವಮಾನ ಮಾಡವ್ರೆ. ನಾವಿದ್ದೀವಿ.”

ಅಯ್ಯೋ ಎಂದು ಅವಳು ಹಿಂದೆ ಸರಿದಳು. ಅವರು ಮುಂದೆ ಸರಿದು ಮತ್ತೆ ಬಿದ್ದರು. ಅವಳು ಕಾಲು ಎಲ್ಲಿ ಇಡಬೇಕೆಂದು ತಿಳಿಯದೆ ಒಂದರ ಮೇಲೊಂದು ಇಟ್ಟುಕೊಂಡು ನಿಂತಳು. ಪಾಲಮಲೆಯವನು ಇದನ್ನೆಲ್ಲ ನೋಡುತ್ತಿದ್ದ. ಇಷ್ಟು ದೊಡ್ಡವರು ಕಾಲಿಗೆ ಬೀಳುವ ಹೆಂಗಸಿಗೆ ತಾನು ಕುರಿ ಕೊಟ್ಟಿಗೆ ಗುಡಿಸು ಎಂದು ಹೇಗೆ ಹೇಳುವುದು ಎಂದುಕೊಂಡನೋ ಏನೋ. ಎದ್ದ. ಸೀರೆಯ ಪೊಟ್ಟಣವನ್ನು ಎಲೆಯಡಿಕೆಯ ಪಕ್ಕದಲ್ಲಿ ಇಟ್ಟ. ತಾನೂ ಒಮ್ಮೆ ಅಕ್ಕನ ಕಡೆಗೆ ಕೈಮುಗಿದ. ಕೊಳತ್ತೂರಿನ ಬಸ್ಸು ಹಿಡಿಯಲು ಹೋದ.

ಎಲ್ಲರೂ ಹೋದ ಮೇಲೆ ಅಕ್ಕ ಪೊಟ್ಟಣ ಬಿಚ್ಚಿದಳು. ಇಳಂಪಿಳ್ಳೈ ಮಗ್ಗದ ಸೀರೆ, ಗಿಳಿಹಸಿರು, ಕುಂಕುಮದ ಅಂಚು. ಅಂಥ ಗಳಿಗೆಯಲ್ಲೂ ನನಗೆ ಅನ್ನಿಸಿತು, ನನ್ನದಕ್ಕಿಂತ ಚೆನ್ನಾಗಿದೆ ಎಂದು.

“ಬೈದಿದ್ರೆ ನಾನೂ ಬೈಬೋದಿತ್ತು ಕಣೆ. ಕಾಲಿಗ್ ಬಿದ್ಬುಟ್ರೆ ಏನ್ಲೇ ಮಾಡೋದು?” ಅಂದಳು.

ಅವಳ ತವರೂರಿನ ಹೊಲದಲ್ಲಿ ಒಂದು ಹಳೆಯ ವೀರಗಲ್ಲು ಇತ್ತಂತೆ. ಬಿಲ್ಲು ಹಿಡಿದ ಗಂಡಸು, ಪಕ್ಕದಲ್ಲಿ ಒಂದು ಕೈ ಮೇಲೆತ್ತಿ ನಿಂತ ಅವನ ಹೆಂಡತಿ. ಚಿಕ್ಕವಳಿದ್ದಾಗ ಅಲ್ಲಿ ಆಡು ಕಟ್ಟುತ್ತಿದ್ದಳಂತೆ. ಆ ಸಂಜೆ ಇದ್ದಕ್ಕಿದ್ದಂತೆ ಕೇಳಿದಳು, “ಅಷ್ಟ್ ಕಾಲದಿಂದ ಎತ್ಕೊಂಡೇ ಅವ್ಳಲ್ಲ, ಕೈ ನೋಯಾಕಿಲ್ವಾ ಅವ್ಳಿಗೆ?”

ಕುರ್ಚಿ ಉಳಿಯಿತು. ಆದರೆ ಕುರ್ಚಿಗೂ ಆಯಸ್ಸಿದೆ. ಮೊದಲು ಸ್ಟೇಜಿನ ನಡುವೆ ಇತ್ತು. ಕೆಲವು ವರ್ಷಕ್ಕೆ ಅಂಚಿಗೆ ಹೋಯಿತು, ಟವೆಲು ಹೋಯಿತು, ಆಮೇಲೆ ಸ್ಟೇಜಿನ ಕೆಳಗೆ ಮೊದಲ ಸಾಲಿಗೆ ಬಂತು. ಬೇರೆ ಊರುಗಳಲ್ಲಿ ಬೇರೆ ಹುಡುಗರು ಸತ್ತರು, ಬೇರೆ ಹೆಂಗಸರು ದೀಪ ಹಚ್ಚಿದರು. ಒಂದು ಆಗಸ್ಟಿನಲ್ಲಿ ಕರೆಯಲು ಯಾರೂ ಬರಲಿಲ್ಲ. ಅಕ್ಕ ನನಗೆ ಫೋನು ಮಾಡಿ, “ಬಿಟ್ರು ಕಣಮ್ಮಿ!” ಎಂದು ಹುಡುಗಿಯ ಹಾಗೆ ಕೂಗಿದಳು. ಹಿರಿಯರ ಮೂಲಕ ಪಾಲಮಲೆಗೆ ಮಾತು ಕಳಿಸಿದೆವು. ಅವನು ಬಹಳ ಹಿಂದೆಯೇ ಇನ್ನೊಬ್ಬಳನ್ನು ಮಾಡಿಕೊಂಡಿದ್ದ. ಇಬ್ಬರು ಮಕ್ಕಳೂ ಇದ್ದರು.

“ಊರಿಗೆ ಮರಿಯೋಕೆ ಇಷ್ಟ್ ವರ್ಸ ಬೇಕಾಯ್ತು. ಅವುನ್ಗೆ ಒಂದ್ ಮಳೆಗಾಲ ಸಾಕಾಯ್ತು,” ಎಂದು ಅಕ್ಕ ನಕ್ಕಳು. ಆಮೇಲೆ, “ಎಂಗವ್ಳೆ ಅವ್ಳು? ಕಪ್ಪಾ, ಕೆಂಪಾ?” ಎಂದು ಕೇಳಿದಳು. ನೋಡಿಲ್ಲಕ್ಕಾ ಎಂದೆ. ಕಪ್ಪು ಎಂದು ಸುಳ್ಳು ಹೇಳಬಹುದಿತ್ತು. ಹೊಳೆಯಲಿಲ್ಲ.

ಕೊನೆಗೆ ಅಕ್ಕನ ಕಿಡ್ನಿ ಕೆಟ್ಟಿತು. ಅಷ್ಟು ಹೊತ್ತಿಗೆ ನಾವೂ ಸೇಲಂ ಬಿಟ್ಟು ಈ ಬೀದಿಗೇ ಮರಳಿದ್ದೆವು. ಆಸ್ಪತ್ರೆಯಲ್ಲಿ ಪಕ್ಕದ ಬೆಡ್ಡಿನವಳ ಗಂಡ ಅವಳಿಗೆ ಇಡ್ಲಿ ತಿನ್ನಿಸುವುದನ್ನು ನೋಡಿ ನನ್ನ ಕೈ ಚಿವುಟಿದ್ದಳು, ಒಟ್ಟೆ ಉರೀತೈತೆ ಎಂಬಂತೆ. ಹಸಿರು ಸೀರೆಯನ್ನು ನನಗೆ ಕೊಟ್ಟಳು. “ನೀನ್ ಉಡ್ಬೇಡ, ನಿಂದಾಗೈತೆ. ಇಟ್ಕೊಂಡಿರು,” ಅಂದಳು. ಯಾರಿಗೆ ಎಂದು ಹೇಳಲಿಲ್ಲ. ಕೇಳಬೇಕೆಂದು ನನಗೂ ತೋಚಲಿಲ್ಲ... ಅವಳು ಹೋದ ದಿನ ಊರಿಗೆ ಅವಳ ನೆನಪು ಮರಳಿ ಬಂತು. ಬ್ಯಾನರ್ ಕಟ್ಟಿದರು. ನಡುವೆ ಅವನೇ, ಯೂನಿಫಾರ್ಮಿನಲ್ಲಿ. ಮೂಲೆಯಲ್ಲಿ ಅಂಚೆಚೀಟಿಯಷ್ಟು ಅವಳು, ಪಕ್ಕದ ಕುರ್ಚಿಯ ಯಾರದೋ ಅರ್ಧ ಭುಜದ ಸಮೇತ. ‘ವೀರನ ಧರ್ಮಪತ್ನಿ’ ಎಂದಿತ್ತು. ಹೆಸರು ಹಾಕಲು ಜಾಗ ಸಾಲದೇ ಹೋಗಿತ್ತು.

ಮೊನ್ನೆ ಆ ಎಳೆಯ ಹುಡುಗನ ಶ್ರದ್ಧಾಂಜಲಿ ಸಭೆಗೆ ಹೋಗಿದ್ದೆ. ಹೋಗಬಾರದು ಎಂದುಕೊಂಡೇ ಹೋದೆ. ಹಿಂದೆ, ಐಸ್‌ಕ್ರೀಮ್ ಗಾಡಿಯ ಪಕ್ಕ ನಿಂತೆ. ಹತ್ತು ಹೋಗಿ ಈಗ ನೂರು ತಲೆ ಬೇಕು ಎಂದು ಕೂಗುತ್ತಿದ್ದರು. ನನ್ನ ಕಣ್ಣು ಮೊದಲು ಹೋದದ್ದು ಕುರ್ಚಿಯ ಮೇಲೆ, ಸುಳ್ಳೇಕೆ. ಈಗಿನದು ಕೆಂಪು ಪ್ಲಾಸ್ಟಿಕ್ಕಲ್ಲ, ಮದುವೆ ಮನೆಯ ಸಿಂಹಾಸನದ ಥರದ್ದು, ಬಂಗಾರದ ಬಣ್ಣದ ಕೈ ಇದ್ದದ್ದು. ಅಕ್ಕ ಇದ್ದಿದ್ದರೆ ಇಬ್ಬರೂ ಸೇರಿ ಹೊಟ್ಟೆ ಉರಿದುಕೊಳ್ಳಬಹುದಿತ್ತು. ಅದರಲ್ಲಿ ಹುಡುಗಿ ಮುದುರಿ ಕೂತಿದ್ದಳು. ಒಬ್ಬರು ಬಿಳಿ ಅಂಗಿಯವರು ಸ್ಟೇಜು ಹತ್ತಿ, ಮೈಕಿನ ಮುಂದೆ ಎರಡು ಮಾತಾಡಿ, ಅವಳ ಕಾಲಿಗೆ ಬಗ್ಗಿದರು. ಅವಳು ಎರಡೂ ಕಾಲನ್ನು ಸಿಂಹಾಸನದ ಕೆಳಕ್ಕೆ ಎಳೆದುಕೊಂಡಳು. ಬಿಸಿ ನೀರು ಸೋಕಿದವರ ಹಾಗೆ.

ಮನೆಗೆ ಬಂದು ಪೆಟ್ಟಿಗೆ ತೆಗೆದೆ. ಬೇವಿನ ಸೊಪ್ಪು, ನುಸಿಗುಳಿಗೆ, ಅಡಿಯಲ್ಲಿ ಗಿಳಿಹಸಿರು. ಮಡಿಕೆಯ ಗೆರೆಗಳಲ್ಲಿ ಎಳೆ ಸವೆಯುತ್ತಿದೆ. ಬೇರೆ ಕಡೆಯಿಂದ ಮಡಿಸಿಟ್ಟೆ. ಒಂದು ಸಲವೂ ಉಡದ ಸೀರೆ. ಸತ್ತವಳ ಸೀರೆ ಎಂದು ಯಾರಾದರೂ ಮುಖ ತಿರುಗಿಸಿದರೆ? ಬಣ್ಣ ಹಳೆಯದಾಯಿತು ಎಂದರೆ? ಆ ಹುಡುಗಿಯದು ಸೀರುಡಿಕೆ ಇಲ್ಲದ ಜಾತಿಯಾಗಿದ್ದರೆ? ಅವಳಿಗೆ ಇದೆಲ್ಲ ಬೇಡವೇ ಬೇಡ ಎನ್ನಿಸಿದರೆ? ನನ್ನ ಚಿಂತೆಗಳಿಗೆ ಕೊನೆಯಿಲ್ಲ. ನೆರಿಗೆ ಹಿಡಿಯಲು ಮಂಡಿ ಬಗ್ಗುವುದಿಲ್ಲ ಎಂಬುದು ಬೇರೆ. ಇವತ್ತು ನಾಳೆ ಆಗುವ ಕೆಲಸವೂ ಅಲ್ಲ, ಅವಳ ಅಳು ಮುಗಿಯಬೇಕು, ಬೈಗುಳ ಮುಗಿಯಬೇಕು. ಬೈಯಲು ನಮ್ಮ ಹಿತ್ತಲಿದೆ ಎಂದಾದರೂ ಅವಳಿಗೆ ಹೇಳಿ ಬರಬೇಕು. ಉಳಿದದ್ದು ಅವಳ ಮನಸ್ಸು.

ಸೀರೆ ಕಾಯಲಿ. ಫ್ಲೆಕ್ಸ್ ಅಂಗಡಿಯವರ ಕಿವಿಗೆ ಮಾತ್ರ ಬೀಳಬಾರದು.